ಬೆಟ್ಟದ ಮೆಟ್ಟಿಲಿಂದ ರಕ್ತದಾನ ಕ್ಯಾಂಪ್‌ವರೆಗೂ: ನಮ್ ಜೊತೆ ಕೆಲಸಕ್ಕೆ ಬರೋರು ತಿಳ್ಕೊಂಡಿರ್ಬೇಕಾದ್ದು

ನಮ್ ಮಂಡ್ಯದ ಸೇವಾ ಕ್ಲಬ್ಬಿಗೆ ಈ ಸಲ ಹೊಸಬ್ರು ತುಂಬಾ ಜನ ಸೇರಿದ್ದೀರಿ, ಖುಷಿ ಆಯ್ತು. ಎಲ್ರೂ ಕೇಳ್ತಿರೋದು ಒಂದೇ, "ಅಣ್ಣ, ನಾವು ಬಂದು ಏನ್ ಮಾಡ್ಬೇಕು?" ಅಂತ. ಅದಕ್ಕೆ ಮುಂದೆ ಇರೋ ಮೂರು ಕೆಲಸಾನೂ ಇಲ್ಲಿ ಬರ್ದಿದ್ದೀನಿ. ಒಂದ್ ವಿಷಯ ಮೊದ್ಲೇ ಹೇಳ್ಬಿಡ್ತೀನಿ, ನಮಗೆ ಯಾವತ್ತು ಬಿಡುವು ಅಂತ ನೋಡ್ಕೊಂಡು ದಿನ ಇಡೋದನ್ನ ನಾವು ಬಿಟ್ಟಿದ್ದೀವಿ, ಯಾರಿಗೋಸ್ಕರ ಕೆಲಸ ಮಾಡ್ತೀವೋ ಅವ್ರನ್ನ ಕೇಳಿ ದಿನ ಇಡ್ತೀವಿ. ಬೆಟ್ಟದ ಕೆಲಸಕ್ಕೆ ಶುಕ್ರವಾರ ಬಿಟ್ಟು ಶನಿವಾರ ಯಾಕೆ, ರಕ್ತದಾನಕ್ಕೆ ಆಗಸ್ಟ್ 15 ಬಿಟ್ಟು ತಿಂಗಳ ಕೊನೆ ಯಾಕೆ ಅಂತ ಕೇಳೋರಿಗೆಲ್ಲ ಇದೇ ಉತ್ತರ.

ಮೊದಲ್ನೇದು ಮೈಸೂರಿನ ಚಾಮುಂಡಿ ಬೆಟ್ಟದ ಮೆಟ್ಟಿಲ ಹತ್ರ ಕಸ ಎತ್ತೋದು. ಆಷಾಢ ಶುಕ್ರವಾರ ಸಾವಿರ ಮೆಟ್ಟಿಲು ಹತ್ತಿ ಹೋಗೋ ಜನ ಎಷ್ಟು ಅಂತ ಮೈಸೂರು ಮಂಡ್ಯದೋರಿಗೆ ಹೇಳ್ಬೇಕಾಗಿಲ್ಲ. ಶನಿವಾರ ಬೆಳಿಗ್ಗೆ ನೋಡಿದ್ರೆ ನೀರಿನ ಬಾಟ್ಲು, ಕರ್ಪೂರದ ಕವರ್ರು, ಊದಿನಕಡ್ಡಿ ಪ್ಯಾಕೆಟ್ಟು, ಪ್ರಸಾದದ ತಟ್ಟೆ ಎಲ್ಲ ಮೆಟ್ಟಿಲ ಪಕ್ಕದ ಪೊದೆ ಒಳಗೆ ಬಿದ್ದಿರ್ತವೆ. ಬೆಳಿಗ್ಗೆ ಆರಕ್ಕೆಲ್ಲ ಪಾದದ ಹತ್ರ ಇರ್ಬೇಕು, ಮಂಡ್ಯದಿಂದ ಟಿಟಿ (ಟೆಂಪೋ ಟ್ರಾವೆಲರ್) ಮಾಡಿರ್ತೀವಿ. ಎರಡು ಖಾಲಿ ಅಕ್ಕಿ ಚೀಲ, ದಪ್ಪ ಗ್ಲೌಸು, ಹಿಡಿತ ಇರೋ ಶೂ ತನ್ನಿ, ಮಳೆ ಬಿದ್ದಿದ್ರೆ ಮೆಟ್ಟಿಲು ಜಾರುತ್ತೆ, ಚಪ್ಪಲಿ ಬೇಡ. ಬಂಡೆ ಸಂದಿ, ಪೊದೆ ಬುಡಕ್ಕೆ ನೇರವಾಗಿ ಕೈ ಹಾಕ್ಬೇಡಿ, ಹಾವಿರ್ತವೆ, ಕೋಲಲ್ಲಿ ಈಚೆಗೆ ಎಳ್ಕೊಳ್ಳಿ. ತಿಂಡಿ ಪೊಟ್ಟಣ ಕೈಯಲ್ಲಿ ಹಿಡ್ಕೊಂಡ್ರೆ ಕೋತಿ ಬಿಡಲ್ಲ, ಬ್ಯಾಗ್ ಒಳಗೇ ಇರ್ಲಿ. ಇನ್ನೊಂದು ಮುಖ್ಯ, ಹೆಣ್ಮಕ್ಳು ಹರಕೆ ಹೊತ್ತು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಇಟ್ಕೊಂಡು ಹೋಗಿರ್ತಾರೆ, ಅದನ್ನ ಒರೆಸೋಕೆ ತೊಳೆಯೋಕೆ ಹೋಗ್ಬೇಡಿ, ಅದು ಕಸ ಅಲ್ಲ. ಪ್ಲಾಸ್ಟಿಕ್ ಒಂದ್ ಚೀಲಕ್ಕೆ, ಹೂವು ಎಲೆ ಅನ್ನ ಇನ್ನೊಂದಕ್ಕೆ. ದಾರೀಲಿ ಸಿಗೋ ನಂದಿ ವಿಗ್ರಹದವರೆಗೂ ಒಂದ್ ತಂಡ, ಅಲ್ಲಿಂದ ಮೇಲಕ್ಕೆ ಇನ್ನೊಂದು.

ಎರಡನೇದು ಮಂಡ್ಯ ಹತ್ರದ ದುದ್ದ ಕಡೆ ಹಳ್ಳೀಲಿ ಕಣ್ಣಿನ ತಪಾಸಣೆ. ಇದ್ರಲ್ಲಿ ಕ್ಯಾಂಪ್ ದಿನ ಟೋಕನ್ ಕೊಡೋಕೆ ಕುರ್ಚಿ ಹಾಕೋಕೆ ಜನ ಸಿಕ್ಕೇ ಸಿಗ್ತಾರೆ. ಸಿಗ್ದೇ ಇರೋದು ಆಮೇಲಿನ ಕೆಲಸಕ್ಕೆ. ಪೊರೆ ಬಂದಿದೆ, ಆಪರೇಷನ್ ಆಗ್ಬೇಕು ಅಂತ ಡಾಕ್ಟ್ರು ಬರ್ಕೊಟ್ಟ ಅಜ್ಜಿ ಚೀಟಿ ಸೀರೆ ಸೆರಗಿಗೆ ಕಟ್ಕೊಂಡು ಮನೇಗೆ ಹೋದ್ರೆ, ಮಗ ಬೆಂಗಳೂರಲ್ಲಿ, ಕರ್ಕೊಂಡು ಹೋಗೋರಿಲ್ಲ, ಅಲ್ಲಿಗೆ ಮುಗೀತು. ಅದಕ್ಕೆ ಒಬ್ಬ ವಾಲಂಟಿಯರ್‌ಗೆ ಇಬ್ರು ಹಿರಿಯರು ಅಂತ ಹಂಚ್ತೀವಿ. ಅವ್ರ ಬಿಪಿ ಶುಗರ್ ಮಾತ್ರೆ ಯಾವ್ದು ಅಂತ ಬರ್ಕೊಳ್ಳಿ, ಶುಗರ್ ಜಾಸ್ತಿ ಇದ್ರೆ ಆಪರೇಷನ್ ಮುಂದಕ್ಕೆ ಹಾಕ್ತಾರೆ. ಆಧಾರ್, ರೇಷನ್ ಕಾರ್ಡು ಜೆರಾಕ್ಸ್ ಮಾಡ್ಸಿಡಿ. ಆಪರೇಷನ್ ಆದ್ಮೇಲೆ ವಾರಗಟ್ಟಲೆ ಡ್ರಾಪ್ಸ್ ಹಾಕ್ಬೇಕು, ಯಾರು ಹಾಕ್ತಾರೆ ಅಂತ ಮನೆಯೋರ್ನ ಕೇಳಿ, ಸೊಸೆನೋ ಪಕ್ಕದ ಮನೆ ಹುಡುಗೀನೋ ಒಬ್ರು ಒಪ್ಕೊಳ್ಳೋವರೆಗೂ ಎದ್ದು ಬರ್ಬೇಡಿ. ನಮ್ ಜೊತೆ ಬರೋ ಅಕ್ಕಂದಿರಿಗೆ ಶಕ್ತಿ ಯೋಜನೇಲಿ ಬಸ್ ಫ್ರೀ ಇದೆ, ಆಧಾರ್ ಕಾರ್ಡ್ ಮರೀಬೇಡಿ.

ಇನ್ನ ಮೂರನೇದು ರಕ್ತದಾನ, ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು.

ನಮ್ ಮೊದಲ ಕ್ಯಾಂಪ್ ಆಗಸ್ಟ್ 15ಕ್ಕೇ ಇಟ್ಟಿದ್ವಿ. ಅವತ್ತು ನಮ್ ಏರಿಯಾ ಸುತ್ತಮುತ್ತಾನೇ ಇನ್ನೂ ಎರಡು ಕಡೆ ಕ್ಯಾಂಪ್ ಇತ್ತು. ಅದಾದ್ಮೇಲೆ ಬಂದ ಏಪ್ರಿಲ್‌ನಲ್ಲಿ ನಮ್ಮಕ್ಕನ ಹೆರಿಗೆ, ಜಾಸ್ತಿ ರಕ್ತ ಹೋಯ್ತು, ಎರಡು ಬಾಟ್ಲು ಬೇಕು ಅಂದ್ರು, ರಾತ್ರಿ ಹನ್ನೊಂದರಿಂದ ಒಂದೂವರೆವರೆಗೂ ಫೋನ್ ಮಾಡ್ತಾನೇ ಇದ್ದೆ. ಕಾಲೇಜು ರಜ, ಹುಡುಗ್ರೆಲ್ಲ ಊರಿಗೆ ಹೋಗಿದ್ರು, ಬೇಸಿಗೇಲಿ ಕ್ಯಾಂಪೂ ಕಮ್ಮಿ. ಕೊನೆಗೆ ಗೊತ್ತಿಲ್ದಿರೋ ಒಬ್ಬ ಲಾರಿ ಡ್ರೈವರಣ್ಣ ಬಂದು ಕೊಟ್ರು. ಅವತ್ತು ನಂಗೆ ಅರ್ಥ ಆಗಿದ್ದು ಏನಂದ್ರೆ ರಕ್ತ ಕೂಡಿಡೋಕೆ ಆಗೋ ವಸ್ತು ಅಲ್ಲ, ಕೆಂಪು ಕಣ ಫ್ರಿಜ್ಜಲ್ಲಿ 35ರಿಂದ 42 ದಿನ ಅಷ್ಟೇ, ರಕ್ತ ಹೆಪ್ಪುಗಟ್ಟೋಕೆ ಬೇಕಾದ ಪ್ಲೇಟ್‌ಲೆಟ್ ಅಂತೂ 5 ದಿನ. ಒಂದೇ ದಿನ ಎಲ್ರೂ ಕೊಟ್ಟು ಆಮೇಲೆ ಯಾರೂ ಕೊಡ್ದೇ ಇದ್ರೆ ಆಸ್ಪತ್ರೇಲಿ ಮಲಗಿರೋರಿಗೆ ಏನೂ ಉಪಯೋಗ ಇಲ್ಲ. ಥಲಸ್ಸೀಮಿಯಾ ಅಂತ, ಮೈಯಲ್ಲಿ ರಕ್ತ ಸರಿಯಾಗಿ ಆಗ್ದೇ ಇರೋ ಹುಟ್ಟು ಕಾಯಿಲೆ ಇರೋ ಮಕ್ಳಿಗೆ ಎರಡರಿಂದ ನಾಲ್ಕು ವಾರಕ್ಕೊಂದು ಸಲ ರಕ್ತ ಬೇಕೇ ಬೇಕು, ಆ ಮಗು ಸ್ವಾತಂತ್ರ್ಯ ದಿನ ಬರ್ಲಿ ಅಂತ ಕಾಯೋಕಾಗುತ್ತಾ?

ಅದಕ್ಕೆ ಈಗ ಮೊದಲ ಕೆಲಸ ರಕ್ತ ಕೇಂದ್ರಕ್ಕೆ (ಬ್ಲಡ್ ಬ್ಯಾಂಕಿಗೆ) ಹೋಗಿ "ನಿಮಗೆ ಯಾವಾಗ ಕೊರತೆ ಬೀಳುತ್ತೆ, ಒಂದ್ ದಿನಕ್ಕೆ ಎಷ್ಟು ಜನರ ಹತ್ರ ತಗೋಬೋದು" ಅಂತ ಕೇಳೋದು. ಈ ಸಲ ಅವ್ರು ಆಗಸ್ಟ್ ಕೊನೆ ಭಾನುವಾರ ಅಂದಿದ್ದಾರೆ, ಇನ್ನೊಂದನ್ನ ಏಪ್ರಿಲ್‌ಗೆ ಅಂತ ಈಗ್ಲೇ ಬರ್ದಿಟ್ಟಿದ್ದೀವಿ. ಲೈಸೆನ್ಸ್ ಇರೋ ರಕ್ತ ಕೇಂದ್ರದ ಜೊತೇಲೇ ಮಾಡ್ಬೇಕು. ಕ್ಯಾಂಪ್ ಶಾಲೆ ಕ್ಲಾಸ್‌ರೂಮಲ್ಲಿ ಇರುತ್ತೆ, ಜಾಗ ನೆಲಮಹಡೀಲಿ ಇರ್ಲಿ, ಫ್ಯಾನು, ನೀರು, ಟಾಯ್ಲೆಟ್ಟು, ಕರೆಂಟ್ ಹೋದ್ರೆ ಯುಪಿಎಸ್ಸು, ಇಷ್ಟನ್ನ ಶನಿವಾರಾನೇ ಹೋಗಿ ನೋಡ್ಕೊಂಡು ಬನ್ನಿ.

ಯಾರು ಕೊಡ್ಬೋದು ಅಂತ ಬಾಯಿಪಾಠ ಇರ್ಲಿ. ವಯಸ್ಸು 18ರಿಂದ 65, ಆದ್ರೆ ಮೊದಲ ಸಲ ಕೊಡೋರು 60 ದಾಟಿರ್ಬಾರ್ದು. ತೂಕ 45 ಕೆಜಿ ಇದ್ರೆ 350 ಎಂಎಲ್, 55 ದಾಟಿದ್ರೆ 450 ತಗೋಬೋದು. ಹಿಮೋಗ್ಲೋಬಿನ್ 12.5 ಇರ್ಬೇಕು. ಗಂಡಸ್ರು 90 ದಿನಕ್ಕೊಂದು ಸಲ, ಹೆಂಗಸ್ರು 120 ದಿನಕ್ಕೊಂದು ಸಲ. ಜಾತ್ರೇಲಿ ಹಚ್ಚೆ ಹಾಕಿಸ್ಕೊಂಡಿದ್ರೆ ಒಂದ್ ವರ್ಷ ಆಗಿರ್ಬೇಕು. ಬಸುರಿ, ಬಾಣಂತಿ ಬೇಡ. ಉಪವಾಸ ಇದ್ಕೊಂಡು ಬರ್ಬಾರ್ದು, ಇಡ್ಲಿನೋ ಮುದ್ದೆನೋ ತಿಂದಾದ್ಮೇಲೆ ನಾಲ್ಕು ಗಂಟೆ ಹೊತ್ತು ಕಳೆಯೋದ್ರೊಳಗೆ ಬರ್ಲಿ, ಇದನ್ನ ಹಿಂದಿನ ದಿನ ಫೋನ್ ಮಾಡಿ ಹೇಳ್ಬೇಕು. ದುಡ್ಡು ಕೊಟ್ಟು ರಕ್ತ ತಗೊಳ್ಳೋದು 1998ರ ಜನವರಿ 1ರಿಂದ ದೇಶದಲ್ಲೇ ನಿಷೇಧ, ಹಂಗಾಗಿ "ಬಂದ್ರೆ ಇಷ್ಟು ಕೊಡ್ತೀವಿ" ಅಂತ ಯಾರ್ನೂ ಕರೀಬೇಡಿ.

ಅವತ್ತು ನಿಂತ್ಕೊಳ್ಳೋ ಜಾಗದ ಬಗ್ಗೆ ಸ್ವಲ್ಪ ಗಮನ ಇರ್ಲಿ. ಡಾಕ್ಟ್ರು ಕೇಳೋ ಪ್ರಶ್ನೆ ಖಾಸಗಿದು, ಆ ಟೇಬಲ್ ಹತ್ರ ಸುಳೀಬೇಡಿ, ಫ್ರೆಂಡ್ಸು ಗುಂಪಾಗಿ ಬಂದಿದ್ರೂ ಒಬ್ಬೊಬ್ರನ್ನೇ ಒಳಗೆ ಬಿಡಿ, ಪಕ್ಕದಲ್ಲಿ ಪರಿಚಯದೋರಿದ್ರೆ ಯಾರೂ ನಿಜ ಹೇಳಲ್ಲ. ರಕ್ತ ಕಮ್ಮಿ ಇದೆ ಅಂತ ವಾಪಸ್ ಬರೋರಲ್ಲಿ ಹೆಣ್ಮಕ್ಳೇ ಜಾಸ್ತಿ, ಅವ್ರಿಗೆ "ರಿಜೆಕ್ಟ್ ಆಯ್ತು" ಅಂತ ಕೂಗಿ ಹೇಳ್ಬೇಡಿ, ಪಕ್ಕಕ್ಕೆ ಕೂರಿಸಿ ಜ್ಯೂಸ್ ಕೊಟ್ಟು, "ಅಕ್ಕ, ಒಂದ್ಸಲ ಡಾಕ್ಟ್ರಿಗೆ ತೋರ್ಸಿ, ಮುಂದಿನ ಸಲ ನೀವೇ ಮೊದಲು" ಅನ್ನಿ. ನಿಜ ಹೇಳ್ಬೇಕಂದ್ರೆ ಇಡೀ ಕ್ಯಾಂಪಲ್ಲಿ ನಂಗೆ ಎಲ್ಲಕ್ಕಿಂತ ಮುಖ್ಯ ಅನ್ಸೋ ಡ್ಯೂಟಿ ಇದು, ಮನಸ್ಸು ಮಾಡ್ಕೊಂಡು ಬಂದಿರ್ತಾರೆ ಪಾಪ.

ಕೊಟ್ಟಾದ್ಮೇಲೆ ಹದಿನೈದು ನಿಮಿಷ ಕೂರ್ಲೇಬೇಕು, ಎಷ್ಟೇ ಅರ್ಜೆಂಟ್ ಅಂದ್ರೂ ಬಿಡ್ಬೇಡಿ. ಯಾರಿಗಾದ್ರೂ ಬೆವರು ಬಂದು ತಲೆ ಸುತ್ತಿದ್ರೆ ಅಲ್ಲೇ ಮಲಗ್ಸಿ ಕಾಲು ಮೇಲೆತ್ತಿ ಸಿಸ್ಟರ್‌ನ ಕರೀರಿ, ಸುತ್ತ ಗುಂಪು ಸೇರೋಕೆ ಬಿಡ್ಬೇಡಿ. ಅವತ್ತು ಕಬ್ಬು ಕಡಿಯೋದು, ಮೂಟೆ ಹೊರೋದು, ಜಿಮ್ಮು ಯಾವ್ದೂ ಬೇಡ, ನೀರು ಮಜ್ಜಿಗೆ ಚೆನ್ನಾಗಿ ಕುಡೀಲಿ.

ಸಂಜೆ ಕುರ್ಚಿ ವಾಪಸ್ ಕೊಟ್ಟು, ಕ್ಲಾಸ್‌ರೂಮ್ ಗುಡ್ಸಿ, ಬೆಂಚು ಇದ್ದಂಗೇ ಜೋಡ್ಸಿ ಬೀಗ ಹಾಕ್ಬೇಕು, ಸೋಮವಾರ ಮಕ್ಳು ಬಂದು ಕೂರೋ ಜಾಗ ಅದು. ಹತ್ತಿ, ಸೂಜಿ ಏನೇ ಬಿದ್ದಿದ್ರೂ ನೀವು ಮುಟ್ಬೇಡಿ, ರಕ್ತ ಕೇಂದ್ರದೋರು ಹೊರಡೋ ಮುಂಚೆ ತೋರ್ಸಿ ತೆಗೆಸಿ. ಆಮೇಲೆ ಕೊಟ್ಟೋರ ಲಿಸ್ಟನ್ನ ಹತ್ತತ್ತು ಹೆಸರಂಗೆ ಹಂಚ್ತೀನಿ, ಸೋಮವಾರ ಎಲ್ರಿಗೂ ಫೋನ್ ಮಾಡಿ ಕೈ ನೋವಿದ್ಯಾ, ಊಟ ಮಾಡಿದ್ರಾ ಅಂತ ವಿಚಾರಿಸ್ಬೇಕು. ಹಳ್ಳಿಯೋರಿಗೆ ಸಂಜೆ ಏಳರ ಮೇಲೆ ಮಾಡಿ, ಅಷ್ಟೊತ್ತಿಗೆ ಹೊಲದಿಂದ ಬಂದಿರ್ತಾರೆ.