ಪ್ರಥಮ ಚಿಕಿತ್ಸೆಯ ಪೆಟ್ಟಿಗೆ: ಎಲ್ಲಿಡಬೇಕು, ಯಾರಿಗೆ ಒಪ್ಪಿಸಬೇಕು?

ಕಂಬಳವಿರಲಿ, ಬ್ರಹ್ಮಕಲಶೋತ್ಸವವಿರಲಿ, ರಾತ್ರಿಯಿಡೀ ನಡೆಯುವ ಬಯಲಾಟವಿರಲಿ, ನಮ್ಮ ಮಂಗಳೂರು–ಉಡುಪಿ ಭಾಗದ ಸಮಿತಿಗಳು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ತರಿಸುವುದೇನೋ ಉಂಟು. ಆದರೆ ಅದು ಕಾರ್ಯಾಲಯದ ಕಪಾಟಿನಲ್ಲಿ, ರಶೀದಿ ಪುಸ್ತಕಗಳ ಜೊತೆಗೆ ಬೀಗದೊಳಗೆ ಉಳಿದುಬಿಡುತ್ತದೆ. ಕೀಲಿಕೈ ಇರುವವರನ್ನು ಧ್ವನಿವರ್ಧಕದಲ್ಲಿ ಕರೆದು, ಅವರು ಬಂದು ಬಾಗಿಲು ತೆರೆಯುವಷ್ಟರಲ್ಲಿ ಯಾರಾದರೂ ಗಾಯಕ್ಕೆ ಕಾಫಿಪುಡಿ ಮೆತ್ತಿ ಆಗಿರುತ್ತದೆ.

1. ಖರೀದಿ. ಅಂಗಡಿಯಲ್ಲಿ ಸಿಗುವ ಸಿದ್ಧ ಪೆಟ್ಟಿಗೆಗಳನ್ನು ಕೊಳ್ಳಬೇಡಿ. ಹೆಚ್ಚಿನವುಗಳಲ್ಲಿ ಇರುವುದು ಬೆರಳಿಗೆ ಸುತ್ತುವ ಪಟ್ಟಿಗಳು ಮತ್ತು ಒಂದು ಉಂಡೆ ಹತ್ತಿ. ಹತ್ತಿಯನ್ನು ತೆರೆದ ಗಾಯದ ಮೇಲೆ ನೇರವಾಗಿ ಇಟ್ಟರೆ ಅದರ ಎಳೆಗಳು ಅಂಟಿಕೊಳ್ಳುತ್ತವೆ. ಕ್ರಿಮಿಶುದ್ಧ ಗಾಜ್ (ತೆಳು ಜಾಲರಿ ಬಟ್ಟೆ) ಪ್ಯಾಡ್, ರೋಲರ್ ಮತ್ತು ಕ್ರೇಪ್ ಬ್ಯಾಂಡೇಜ್, ತ್ರಿಕೋನ ಬಟ್ಟೆ, ಕೈಗವಸು, ಒಳ್ಳೆಯ ಕತ್ತರಿ, ಬೆವರಿ ಬಳಲಿದವರಿಗೆ ನೀರಿನಲ್ಲಿ ಕದಡಿ ಕುಡಿಸುವ ಓಆರ್‌ಎಸ್ ಪುಡಿ, ಇಷ್ಟನ್ನು ಬಿಡಿಬಿಡಿಯಾಗಿ ಕೊಂಡು, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ತುಂಬಿಸಿ. ಮಾತ್ರೆಗಳನ್ನು ಇಡಲೇಬೇಡಿ, ಔಷಧ ಕೊಡುವುದು ವೈದ್ಯರ ಕೆಲಸ.

2. ಜಾಗ. ಎಲ್ಲರೂ ಎಡವುವುದು ಇಲ್ಲಿಯೇ. ಪೆಟ್ಟಿಗೆಯನ್ನು ವೇದಿಕೆಯ ಹಿಂದೆ ಇಡುವುದು ರೂಢಿ. ಆದರೆ ಪೆಟ್ಟಾಗುವುದು ವೇದಿಕೆಯ ಹಿಂದೆ ಅಲ್ಲ. ಕಾರ್ಯಕ್ರಮಕ್ಕೆ ಮೊದಲು ಇಡೀ ಆವರಣವನ್ನು ಒಮ್ಮೆ ನಡೆದು ನೋಡಿ, ಎಲ್ಲಿ ಏನಾಗಬಹುದೆಂದು ಗುರುತಿಸಿಕೊಳ್ಳಿ. ಕಂಬಳದಲ್ಲಿ ಓಟ ಮುಗಿದ ಕೋಣಗಳು ವೇಗ ತಗ್ಗಿಸದೆ ಮೇಲೇರಿ ಬರುವ ಮಂಜೊಟ್ಟಿಯ ಬಳಿ ಒಂದು ಪೆಟ್ಟಿಗೆ ಬೇಕೇ ಬೇಕು, ಆದರೆ ಅವುಗಳ ದಾರಿಯಿಂದ ಸಾಕಷ್ಟು ಬದಿಗೆ. ಓಡಿಸುವವರ ಗಾಯಗಳಲ್ಲಿ ಕೆಸರು ಹೊಕ್ಕಿರುವುದರಿಂದ ಅಲ್ಲಿ ಶುದ್ಧ ನೀರಿನ ಕ್ಯಾನ್ ಸಹ ಇರಲಿ. ತೊಳೆಯದೆ ಕಟ್ಟಿದ ಪಟ್ಟಿಯಿಂದ ಕೇಡೇ ಹೆಚ್ಚು. ಅನ್ನಸಂತರ್ಪಣೆ ಇದ್ದಲ್ಲಿ ಎರಡನೆಯ ಪೆಟ್ಟಿಗೆ ಅಡುಗೆ ಚಪ್ಪರದ ನಳ್ಳಿಯ ಬಳಿಯೇ ಇರಬೇಕು, ಏಕೆಂದರೆ ಕುದಿಯುವ ಸಾರು ಚೆಲ್ಲಿ ಸುಟ್ಟ ಕೈಗೆ ಮೊದಲ ಚಿಕಿತ್ಸೆ ಹರಿಯುವ ತಣ್ಣೀರು, ಅದೂ 20 ನಿಮಿಷ. ಟೂತ್‌ಪೇಸ್ಟ್ ಹಚ್ಚುವವರನ್ನು ದಯವಿಟ್ಟು ತಡೆಯಿರಿ. ಮೂರನೆಯದು ಜನರು ಒತ್ತಾಗಿ ಕುಳಿತುಕೊಳ್ಳುವ ಚಪ್ಪರದ ಬದಿಯಲ್ಲಿರಲಿ. ನಮ್ಮ ಕರಾವಳಿಯ ಸೆಕೆಗೆ ಹಿರಿಯರು ತಲೆಸುತ್ತಿ ಬೀಳುವುದು ಅಲ್ಲಿ.

ಪೆಟ್ಟಿಗೆಗೆ ಬೀಗ ಬೇಡ. ಬಿಳಿ ಬಟ್ಟೆಯ ಮೇಲೆ ಹಸಿರು ಅಕ್ಷರಗಳಲ್ಲಿ «ಪ್ರಥಮ ಚಿಕಿತ್ಸೆ» ಎಂದು ಬರೆಸಿ, ನಿಂತ ಜನರ ತಲೆಗಿಂತ ಎತ್ತರದಲ್ಲಿ ಕಟ್ಟಿ, ಅದರ ಮೇಲೊಂದು ದೀಪ ಹಾಕಿಸಿ.

3. ಜನ. ಪ್ರತಿ ಪೆಟ್ಟಿಗೆಗೂ ತರಬೇತಿ ಪಡೆದ ಇಬ್ಬರು ಸ್ವಯಂಸೇವಕರು ಬೇಕು, ಒಬ್ಬರು ಊಟಕ್ಕೆ ಹೋದರೂ ಇನ್ನೊಬ್ಬರು ಅಲ್ಲೇ ಇರುವಂತೆ. ಅವರಿಗೆ ಪಾರ್ಕಿಂಗಿನ, ಬಡಿಸುವ ಕೆಲಸಗಳನ್ನು ಹಚ್ಚಬಾರದು. ರಕ್ತ ಸುರಿಯುವ ಗಾಯವನ್ನು ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯುವುದು, ಉಸಿರಾಟ ನಿಂತವರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುವುದು, ಇವೆರಡನ್ನೂ ಅವರು ಕೈಯಾರೆ ಅಭ್ಯಾಸ ಮಾಡಿರಬೇಕು. ಓಆರ್‌ಎಸ್ ಪುಡಿಯ ಒಂದು ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು ಬೇಕು. ಒಂದು ಲೋಟದಲ್ಲಿ ಇಡೀ ಪೊಟ್ಟಣ ಕದಡಿ ಕೊಡುವುದನ್ನು ಎಷ್ಟೋ ಕಡೆ ಕಂಡಿದ್ದೇನೆ, ಅದು ಅಪಾಯ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರನ್ನೂ ಹಾಕಬಾರದು.

4. ದಾರಿ. 108ಕ್ಕೆ ಕರೆ ಮಾಡಿದರೆ ವಾಹನ ಬರುತ್ತದೆ, ಆದರೆ ದ್ವಾರದಲ್ಲಿ ಚರುಮುರಿ ಗಾಡಿಗಳೂ ಬೈಕುಗಳೂ ತುಂಬಿದ್ದರೆ ಒಳಗೆ ಬರಲಾರದು. ಒಂದು ದಾರಿಯನ್ನು ಹಗ್ಗ ಕಟ್ಟಿ ಕೊನೆಯವರೆಗೂ ಖಾಲಿ ಇಡಿಸಿ.

5. ನಂತರ. ಮುಚ್ಚಳದ ಒಳಬದಿಗೆ ಸಾಮಾನುಗಳ ಪಟ್ಟಿಯನ್ನು ಅಂಟಿಸಿ, ಖರ್ಚಾದದ್ದನ್ನು ಮರುದಿನವೇ ತುಂಬಿಸಿ. ಮಳೆಗಾಲ ಕಳೆದ ಮೇಲೆ ಎಲ್ಲವನ್ನೂ ಹೊರತೆಗೆದು ನೋಡಿ: ತೇವಕ್ಕೆ ಕತ್ತರಿ ತುಕ್ಕು ಹಿಡಿದಿರುತ್ತದೆ, ಪ್ಲಾಸ್ಟರ್ ಅಂಟು ಬಿಟ್ಟಿರುತ್ತದೆ, ಗಾಜ್ ಪೊಟ್ಟಣದ ಅಂಚು ಬಿಚ್ಚಿಕೊಂಡಿದ್ದರೆ ಅದನ್ನು ಬಿಸಾಡಬೇಕು.