ಒಳನಾಡಿನ ಮಣ್ಣಿನ ರನ್‌ವೇಯಲ್ಲಿ ರಾತ್ರಿ ವೇಳೆ ವೈದ್ಯರ ವಿಮಾನವನ್ನು ಇಳಿಸಿಕೊಳ್ಳುವ ಬಗೆ

ಆಸ್ಟ್ರೇಲಿಯಾದ ಒಳನಾಡಿನಲ್ಲಿ ದನ ಸಾಕುವ ದೊಡ್ಡ ಜಮೀನುಗಳಿಂದ ಆಸ್ಪತ್ರೆ ನೂರಾರು ಕಿಲೋಮೀಟರ್ ದೂರವಿರುವುದು ಸಾಮಾನ್ಯ. ಅಲ್ಲಿ ಯಾರಿಗಾದರೂ ಎದೆನೋವು ಬಂದರೆ ನೆರವು ಹೆಚ್ಚಾಗಿ ವಿಮಾನದಲ್ಲಿಯೇ ಬರುತ್ತದೆ. ಜಾನ್ ಫ್ಲಿನ್ ಎಂಬ ಪಾದ್ರಿಯ ಪ್ರಯತ್ನದಿಂದ 1928ರ ಮೇ ತಿಂಗಳಲ್ಲಿ ಕ್ವೀನ್ಸ್‌ಲೆಂಡಿನ ಕ್ಲಾನ್‌ಕರಿಯಲ್ಲಿ ಆರಂಭವಾಗಿ ಈಗ ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್ ಎಂಬ ಹೆಸರಿರುವ ಸೇವಾಸಂಸ್ಥೆ ಈ ಕೆಲಸ ಮಾಡುತ್ತದೆ. ಪೈಲಟ್ ಎಷ್ಟೇ ನುರಿತವರಾಗಿದ್ದರೂ ಇಳಿಯಬೇಕಾದ ನೆಲದ ಸ್ಥಿತಿಯನ್ನು ಅವರಿಗೆ ಹೇಳಬೇಕಾದವರು ಅಲ್ಲಿಯೇ ಇರುವ ನೀವು. ಅಂತಹ ಜಮೀನಿನಲ್ಲೋ ಹೆದ್ದಾರಿ ಬದಿಯಲ್ಲಿ ಪೆಟ್ರೋಲ್, ಊಟ ಸಿಗುವ ರೋಡ್‌ಹೌಸಿನಲ್ಲೋ ಕೆಲಸಕ್ಕೆ ಸೇರಿದವರು ಈ ಸಿದ್ಧತೆಯನ್ನು ಮೊದಲ ವಾರದಲ್ಲೇ ಕಲಿತುಕೊಳ್ಳುವುದು ಒಳ್ಳೆಯದು.

ರನ್‌ವೇಯನ್ನು ನೋಡಿಕೊಳ್ಳುವುದು ತುರ್ತುಸ್ಥಿತಿಗೆ ಮೊದಲೇ ಆಗಬೇಕಾದ ಕೆಲಸ. ಗೆದ್ದಲು ಎಬ್ಬಿಸಿದ ಹುತ್ತ, ಮಳೆನೀರು ಕೊರೆದ ಕೊರಕಲು, ಅಂಚಿನಲ್ಲಿ ಬೆಳೆದ ಪೊದೆ ಇವುಗಳನ್ನು ಆಗಾಗ ತೆಗೆಸಿ ಸಮಮಾಡಿಸಬೇಕು. ಗಾಳಿಯ ದಿಕ್ಕು ತೋರಿಸುವ ವಿಂಡ್‌ಸಾಕ್ ಹರಿದಿದ್ದರೆ ಬದಲಿಸಬೇಕು. ನೆಲದ ಒರಟುತನವನ್ನು ಅಳೆಯಲು ಅಲ್ಲಿನ ವಿಮಾನಯಾನ ಮಾರ್ಗದರ್ಶಿಯೇ ಹೇಳುವ ಸುಲಭ ಪರೀಕ್ಷೆಯೊಂದಿದೆ: ಗಡಸು ಸ್ಪ್ರಿಂಗಿನ ವಾಹನವನ್ನು ಉದ್ದಕ್ಕೂ ಗಂಟೆಗೆ ಕನಿಷ್ಠ 75 ಕಿಲೋಮೀಟರ್ ವೇಗದಲ್ಲಿ ಓಡಿಸಿದಾಗ ಒಳಗಿದ್ದವರಿಗೆ ತೊಂದರೆಯಾಗದಿದ್ದರೆ ಮೇಲ್ಮೈ ತೃಪ್ತಿಕರವೆಂದು ತಿಳಿಯಬಹುದು. ಆದರೆ ಮಳೆಯ ನಂತರ ಮೇಲೆ ಒಣಗಿದಂತೆ ಕಾಣುವ ಎರೆಮಣ್ಣು ಒಳಗೆ ಮೆತ್ತಗೇ ಇರುತ್ತದೆ, ಭಾರವಾದ ವಿಮಾನದ ಚಕ್ರ ಅದರಲ್ಲಿ ಹೂತುಹೋಗುತ್ತದೆ. ಅನುಮಾನವಿದ್ದರೆ ಅನುಮಾನವೆಂದೇ ಹೇಳಿ. ರೋಗಿಯ ಮೇಲಿನ ಕಳಕಳಿಯಿಂದ ನೆಲ ಚೆನ್ನಾಗಿದೆಯೆಂದು ಹೇಳಿಬಿಡುವವರು ವಿಮಾನದಲ್ಲಿರುವವರನ್ನೂ ಅಪಾಯಕ್ಕೆ ದೂಡುತ್ತಾರೆ.

ಕರೆ ಮಾಡಿದಾಗ ರೋಗಿಯ ವಯಸ್ಸು, ಪ್ರಜ್ಞೆ, ಉಸಿರಾಟ, ಈಗಾಗಲೇ ಸೇವಿಸುತ್ತಿರುವ ಔಷಧ ಇವನ್ನು ಮೊದಲು ತಿಳಿಸಿ, ನಂತರ ರನ್‌ವೇ, ಗಾಳಿ ಮತ್ತು ಮೋಡದ ವಿಷಯಕ್ಕೆ ಬನ್ನಿ. ಇಂತಹ ದೂರದ ಸ್ಥಳಗಳಲ್ಲಿ ಇಡಲೆಂದು ಈ ಸಂಸ್ಥೆ ಕೊಡುವ, 1942ರಿಂದ ಬಳಕೆಯಲ್ಲಿರುವ ಔಷಧಪೆಟ್ಟಿಗೆ ಹತ್ತಿರದಲ್ಲಿರಲಿ. ಅದರಲ್ಲಿನ ಪ್ರತಿಯೊಂದು ಔಷಧಕ್ಕೂ ಸಂಖ್ಯೆಯಿರುವುದರಿಂದ ವೈದ್ಯರು ಫೋನಿನಲ್ಲಿ ಸಂಖ್ಯೆ ಹೇಳಿದರೆ ಸಾಕು.

ರಾತ್ರಿಯಾದರೆ ರನ್‌ವೇಯ ಎರಡೂ ಅಂಚಿಗೆ ಸಂಸ್ಥೆ ತಿಳಿಸಿದ ಅಂತರದಲ್ಲಿ ಬ್ಯಾಟರಿ ದೀಪಗಳನ್ನಿಡಬೇಕು. ಅವಿಲ್ಲದ ಕಡೆ ಡಬ್ಬಿಯೊಳಗಿನ ಟಾಯ್ಲೆಟ್ ಪೇಪರಿನ ಸುರುಳಿಯನ್ನು ಡೀಸೆಲ್‌ನಲ್ಲಿ ನೆನೆಸಿ ಹಚ್ಚುವ ಹಳೆಯ ಉಪಾಯವೂ ನಡೆಯುತ್ತದೆ, ಆದರೆ ಸುತ್ತ ಒಣಹುಲ್ಲಿದ್ದರೆ ಅದು ಹೊಸ ಅನಾಹುತಕ್ಕೆ ದಾರಿ. ಎಲ್ಲಕ್ಕಿಂತ ಹೆಚ್ಚು ಕಾಡುವುದು ಕಾಂಗರೂಗಳು. ಅವು ಮುಸ್ಸಂಜೆಯಿಂದ ಮೇಯಲು ಬರುವುದರಿಂದ, ಒಂದು ಗಂಟೆ ಮೊದಲು ಓಡಿಸಿದರೆ ಏನೂ ಪ್ರಯೋಜನವಿಲ್ಲ, ಮತ್ತೆ ಬಂದು ನಿಲ್ಲುತ್ತವೆ. ಆದುದರಿಂದ ವಿಮಾನ ಹತ್ತಿರ ಬರುತ್ತಿದೆಯೆಂಬ ಸಂದೇಶ ಸಿಕ್ಕೊಡನೆ ವಾಹನವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಓಡಿಸಿ, ಕಾಂಗರೂಗಳನ್ನೂ ದನಗಳನ್ನೂ ಅಟ್ಟಿ, ಅದು ಇಳಿಯುವ ಮುನ್ನ ರನ್‌ವೇಯಿಂದ ಪೂರ್ತಿ ಹೊರಗೆ ಬನ್ನಿ.

ಇಳಿಯುವಾಗ ಹೆಡ್‌ಲೈಟ್ ಪೈಲಟ್‌ನ ಕಣ್ಣಿಗೆ ಬೀಳದಂತೆ ವಾಹನ ನಿಲ್ಲಿಸಿ, ನಾಯಿಗಳನ್ನು ಕಟ್ಟಿಹಾಕಿ. ಸಂಸ್ಥೆ ಬಳಸುವ ಪಿಸಿ-12 ಅಥವಾ ಕಿಂಗ್ ಏರ್ ವಿಮಾನದ ತಿರುಗುವ ಪ್ರೊಪೆಲ್ಲರ್ ಕತ್ತಲಲ್ಲಿ ಕಣ್ಣಿಗೆ ಕಾಣುವುದಿಲ್ಲ; ಅದು ನಿಂತು, ಸಿಬ್ಬಂದಿ ಇಳಿದು ಕರೆಯುವವರೆಗೆ ಹತ್ತಿರ ಹೋಗಬಾರದು. ರೋಗಿಯನ್ನು ಹತ್ತಿಸಿ ವಿಮಾನ ಹೊರಟಮೇಲೂ ದೀಪಗಳನ್ನು ಕೂಡಲೇ ಆರಿಸಬೇಡಿ. ಏನಾದರೂ ತೊಂದರೆಯಾದರೆ ಅವರು ತಿರುಗಿ ಬರಬೇಕಾದದ್ದು ಅಲ್ಲಿಗೇ. ಇನ್ನು ಬೇಡವೆಂದು ಸಿಬ್ಬಂದಿ ತಿಳಿಸಿದ ನಂತರ ದೀಪಗಳನ್ನು ಎತ್ತಿ, ಚಾರ್ಜಿಗೆ ಹಾಕಿ, ಪೆಟ್ಟಿಗೆಯಿಂದ ಬಳಸಿದ ಔಷಧಗಳ ಸಂಖ್ಯೆಗಳನ್ನು ಬರೆದಿಟ್ಟು ಮರುದಿನವೇ ಬದಲಿ ತರಿಸಿಕೊಳ್ಳಿ.