ಕಾಸರಗೋಡಿನಲ್ಲಿ ಮನೆ ಕಟ್ಟುವ ಮೊದಲು ಜಾಗದ ದಾಖಲೆ ಓದುವ ಬಗೆ

ನಮ್ಮಲ್ಲಿ ಜಾಗ ಕೊಂಡವರು ಹೆಚ್ಚಾಗಿ ಮೊದಲು ಪ್ಲಾನ್ ಬರೆಸಿ ಆಮೇಲೆ ದಾಖಲೆ ಹುಡುಕುತ್ತಾರೆ. ಆದರೆ ಯಾವ ಜಾಗದಲ್ಲಿ ಏನು ಕಟ್ಟಬಹುದೆಂಬ ಪ್ರಶ್ನೆಗೆ ಮೊದಲ ಉತ್ತರ ಇರುವುದು ವಿಲೇಜ್ ಆಫೀಸಿನ ಮೂಲ ತೆರಿಗೆ ರಿಜಿಸ್ಟರಿನಲ್ಲಿ, ಅಂದರೆ ಬಿಟಿಆರ್‌ನಲ್ಲಿ. ಅಲ್ಲಿ ನಿಮ್ಮ ಸರ್ವೆ ನಂಬ್ರದ ಎದುರು ‘ಪುರಯಿಡಂ’ ಎಂದಿದ್ದರೆ ಅದು ಹಿತ್ತಿಲು. ‘ನಿಲಂ’ ಎಂದಿದ್ದರೆ, ಈಗ ಅಲ್ಲಿ ಫಸಲು ಕೊಡುವ ಅಡಿಕೆಮರಗಳೇ ನಿಂತಿದ್ದರೂ, ದಾಖಲೆಯ ಪ್ರಕಾರ ಅದು ಗದ್ದೆಯೇ. 1956ರವರೆಗೆ ಈ ನಾಡು ದಕ್ಷಿಣ ಕನ್ನಡಕ್ಕೆ ಸೇರಿದ್ದರಿಂದ ಹಳೆಯ ದಸ್ತಾವೇಜುಗಳಲ್ಲಿ ಇದೇ ಭೇದ ನಂಜ (ಗದ್ದೆ), ಪುಂಜ (ಒಣಭೂಮಿ), ಬಾಗಾಯ್ತು (ತೋಟ) ಎಂಬ ಹೆಸರುಗಳಲ್ಲಿ ಬರುತ್ತದೆ. ಆ ಕಾಗದಗಳನ್ನು ಜೋಪಾನವಾಗಿಡಿ. ಗದ್ದೆಯನ್ನು ಬೇರೆ ಬಳಕೆಗೆ ತಿರುಗಿಸುವುದನ್ನು ನಿರ್ಬಂಧಿಸಿದ 1967ರ ಭೂ ವಿನಿಯೋಗ ಆದೇಶಕ್ಕೆ ಮೊದಲೇ ಜಾಗ ತೋಟವಾಗಿತ್ತೆಂದು ತೋರಿಸಬೇಕಾಗಿ ಬಂದರೆ ಅವುಗಳಷ್ಟು ಗಟ್ಟಿಯಾದ ಸಾಕ್ಷ್ಯ ಬೇರೆ ಸಿಗುವುದು ಕಷ್ಟ.

‘ನಿಲಂ’ ಎಂದು ಕಂಡುಬಂದರೆ ಮುಂದೆ ನೋಡಬೇಕಾದದ್ದು ಡಾಟಾ ಬ್ಯಾಂಕ್. ಇದು 2008ರ ಭತ್ತದ ಗದ್ದೆ ಮತ್ತು ತೇವಭೂಮಿ ಸಂರಕ್ಷಣಾ ಕಾಯ್ದೆಯಂತೆ ತಯಾರಾದ ಗದ್ದೆ, ತೇವಭೂಮಿಗಳ ಪಟ್ಟಿ. ಪ್ರತಿ ಕೃಷಿ ಭವನದಲ್ಲಿ ನೋಡಲು ಸಿಗುತ್ತದೆ. ಬಿಟಿಆರ್‌ನಲ್ಲಿ ನಿಲಂ ಆಗಿದ್ದು ಡಾಟಾ ಬ್ಯಾಂಕಿನಲ್ಲಿ ಇಲ್ಲದ ಜಾಗವನ್ನು 2018ರ ತಿದ್ದುಪಡಿಯ 27ಎ ಕಲಮಿನಂತೆ ಪರಿವರ್ತಿಸಿಕೊಳ್ಳಲು ಅವಕಾಶವಿದೆ. 50 ಸೆಂಟ್ಸ್‌ವರೆಗಿನ ಜಾಗಕ್ಕೆ ಫಾರ್ಮ್ 6, ಅದಕ್ಕಿಂತ ಹೆಚ್ಚಿದ್ದರೆ ಫಾರ್ಮ್ 7. ಗದ್ದೆಯಲ್ಲದ ಜಾಗ ತಪ್ಪಾಗಿ ಪಟ್ಟಿಗೆ ಸೇರಿದ್ದರೆ ಮೊದಲು ಫಾರ್ಮ್ 5 ಕೊಟ್ಟು ಅದನ್ನು ತೆಗೆಸಬೇಕು. ನಿಜವಾಗಿಯೂ ಬೈಲುಗದ್ದೆಯೇ ಆಗಿದ್ದು ಕುಟುಂಬಕ್ಕೆ ಬೇರೆ ಯೋಗ್ಯ ಜಾಗವಿಲ್ಲದಿದ್ದರೆ ಮಾತ್ರ, ಸ್ವಂತ ವಾಸದ ಮನೆಗಾಗಿ ಪಂಚಾಯತ್‌ನಲ್ಲಿ 10 ಸೆಂಟ್ಸ್, ನಗರಸಭೆಯಲ್ಲಿ 5 ಸೆಂಟ್ಸ್‌ವರೆಗೆ, ಸ್ಥಳೀಯ ಸಮಿತಿಯ ಶಿಫಾರಸಿನ ಮೇಲೆ ಅನುಮತಿ ಕೇಳಬಹುದು. ಪಕ್ಕದ ಗದ್ದೆಯ ನೀರಿನ ಹರಿವಿಗೆ ತಡೆಯಾಗಬಾರದೆಂಬ ಶರತ್ತು ನ್ಯಾಯವಾದದ್ದು. ಬೈಲಿನ ನಡುವೆ ಒಬ್ಬರು ಮಣ್ಣು ತುಂಬಿಸಿದರೆ ಮಳೆಗಾಲದಲ್ಲಿ ನೀರು ನಿಲ್ಲುವುದು ಮೇಲಿನವರ ಅಂಗಳದಲ್ಲಿ.

ಇಷ್ಟಾದ ಮೇಲೆ ವಲಯದ ಪ್ರಶ್ನೆ ಬರುತ್ತದೆ. ಮಾಸ್ಟರ್ ಪ್ಲಾನ್ ಜಾರಿಯಲ್ಲಿರುವಲ್ಲಿ ನಿಮ್ಮ ಸರ್ವೆ ನಂಬ್ರ ವಸತಿ, ವಾಣಿಜ್ಯ, ಕೈಗಾರಿಕೆ ಇವುಗಳಲ್ಲಿ ಯಾವ ವಲಯಕ್ಕೆ ಬಿದ್ದಿದೆಯೆಂದು ಕೇಳಿ ತಿಳಿಯಬೇಕು. ಕಡಲ ಬದಿ ಅಥವಾ ಉಬ್ಬರದ ನೀರು ಏರಿಬರುವ ಹೊಳೆಯ ಬದಿಯಾದರೆ ಕರಾವಳಿ ನಿಯಂತ್ರಣ ವಲಯದ ನಕ್ಷೆಯನ್ನೂ ನೋಡಬೇಕು.

ಕಟ್ಟಡ ನಿಯಮದಲ್ಲಿ ಮೂರು ಮಾತುಗಳು ಮುಖ್ಯ. ಗಡಿಯಿಂದ ಗೋಡೆಯವರೆಗೆ ಬಿಡಬೇಕಾದ ಜಾಗ ಸೆಟ್‌ಬ್ಯಾಕ್. ಜಾಗದಲ್ಲಿ ಕಟ್ಟಡ ಆವರಿಸುವ ಪಾಲು ಕವರೇಜ್. ಎಲ್ಲ ಮಾಳಿಗೆಗಳ ವಿಸ್ತೀರ್ಣವನ್ನು ಕೂಡಿಸಿ ಜಾಗದ ವಿಸ್ತೀರ್ಣದಿಂದ ಭಾಗಿಸಿದರೆ ಬರುವುದು ಎಫ್‌ಎಸ್‌ಐ. ಐದು ಸೆಂಟ್ಸ್ ಎಂದರೆ ಸುಮಾರು 202 ಚದರ ಮೀಟರ್. ಅದರಲ್ಲಿ ತಲಾ 101 ಚದರ ಮೀಟರಿನ ಎರಡು ಮಾಳಿಗೆ ಕಟ್ಟಿದರೆ ಕವರೇಜ್ ಶೇಕಡ 50, ಎಫ್‌ಎಸ್‌ಐ 1. ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ ರಸ್ತೆಯ ಗಡಿಯಿಂದ ಕನಿಷ್ಠ 3 ಮೀಟರ್ ಬಿಡಲೇಬೇಕು. ತಲಪಾಡಿಯಿಂದ ಈಚೆಗೆ ಹೆದ್ದಾರಿ 66 ಅಗಲವಾಗಿರುವುದರಿಂದ ಹಳೆಯ ಬೇಲಿಯಿಂದ ಅಳೆಯದೆ, ಹೊಸ ಗಡಿಕಲ್ಲಿನಿಂದ ಅಳೆಯಿರಿ.

ಪರ್ಮಿಟ್ ಅರ್ಜಿ ಈಗ ಸ್ಥಳೀಯಾಡಳಿತದ ಆನ್‌ಲೈನ್ ವ್ಯವಸ್ಥೆಯಾದ ಕೆ-ಸ್ಮಾರ್ಟ್ ಮೂಲಕ ಹೋಗುತ್ತದೆ. ಸಂಶಯವಿದ್ದಲ್ಲಿ ಕಚೇರಿಗೆ ಕನ್ನಡದಲ್ಲೇ ಬರೆದು ಕೇಳಿ. 1969ರ ಕೇರಳ ಆಡಳಿತ ಭಾಷಾ ಕಾಯ್ದೆಯಂತೆ ಇಲ್ಲಿನ ಕನ್ನಡಿಗರಿಗೆ ಆ ಹಕ್ಕಿದೆ, ಉತ್ತರವನ್ನೂ ಕನ್ನಡದಲ್ಲಿ ಪಡೆಯಬಹುದು. ನಿಮ್ಮ ಪತ್ರದ ಸೀಲು ಹಾಕಿಸಿದ ಒಂದು ಪ್ರತಿಯನ್ನು ಬಿಟಿಆರ್ ನಕಲಿನ ಜೊತೆಗೇ ಇಟ್ಟುಕೊಳ್ಳಿ.